ಸ್ಪೇಸ್ ರೆಂಟ್ ಮತ್ತೆ ಏರಿದೆ. ಮೊಬೈಲ್ ಹೋಂ ಪಾರ್ಕ್ ಬಿಡೋದಾ, ಇರೋದಾ?

ತಿಪಟೂರು_ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾವು ಇರೋದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಒಂದು ಮೊಬೈಲ್ ಹೋಂ ಪಾರ್ಕಿನೊಳಗೆ. 2016ರಲ್ಲಿ ಮನೆ ತಗೊಂಡೆವು. 1979ರಲ್ಲಿ ಕಟ್ಟಿದ ಡಬಲ್ ವೈಡ್, ಮೂರು ರೂಮು, 2 ಲಕ್ಷ 20 ಸಾವಿರ ಡಾಲರ್. ಅರವತ್ತು ಸಾವಿರ ಕೈಯಿಂದ ಹಾಕಿ ಉಳಿದದ್ದಕ್ಕೆ 15 ವರ್ಷದ ಸಾಲ ಮಾಡಿದೆವು. ಬಡ್ಡಿ 7 ಪರ್ಸೆಂಟ್, ಕಂತು 1,438. ಮನೆ ನಮ್ಮದು, ಕೆಳಗಿನ ನೆಲ ಪಾರ್ಕಿನವರದ್ದು. ನೆಲಕ್ಕೆ ತಿಂಗಳಾ ತಿಂಗಳಾ ಸ್ಪೇಸ್ ರೆಂಟ್. ಆಗ 1,150 ಇತ್ತು, ನೀರು, ಕಸ ಎಲ್ಲ ಸೇರಿ.

ಆಮೇಲೆ ಪಾರ್ಕ್ ಬೇರೆಯವರ ಕೈಗೆ ಹೋಯಿತು. ಹಳೇ ಯಜಮಾನರು ಕ್ರಿಸ್‌ಮಸ್‌ಗೆ ಕ್ಲಬ್‌ಹೌಸಲ್ಲಿ ಊಟ ಹಾಕಿಸುತ್ತಿದ್ದರು. ಹೊಸಬರು ಆ್ಯಪ್ ಕೊಟ್ಟಿದ್ದಾರೆ.

ಹೋದ ವಾರ ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು. 1,815 ಇದ್ದ ಬಾಡಿಗೆ 1,960 ಆಗುತ್ತದಂತೆ. ನೀರು, ಒಳಚರಂಡಿ, ಕಸ ಈಗ ಬೇರೆ ಬಿಲ್ಲು, ಅದೊಂದು 110. ಎಲ್ಲ ಸೇರಿಸಿದರೆ ತಿಂಗಳಿಗೆ 3,508 ಡಾಲರ್. ಸಾಲ ಇನ್ನೂ ಆರು ವರ್ಷ ಇದೆ, 84 ಸಾವಿರ ಬಾಕಿ.

ನನ್ನದು ಕಾಂಟ್ರಾಕ್ಟ್ ಕೆಲಸ. ಹೆಂಡತಿ ಪ್ರೀಸ್ಕೂಲ್‌ನಲ್ಲಿ ಟೀಚರ್. ಮಗಳು ಹತ್ತನೇ ಕ್ಲಾಸು. ಮಾರಿ ಅಪಾರ್ಟ್‌ಮೆಂಟಿಗೆ ಹೋಗೋಣ ಅನ್ನುತ್ತಾಳೆ ಹೆಂಡತಿ. ಇಲ್ಲಿಂದ ದೂರದ ಟ್ರೇಸಿ ಅನ್ನೋ ಊರಿನ ಕಡೆ ಸ್ವಂತ ಮನೆ ನೋಡೋಣ ಅಂತ ನಾನು. ಡಲ್ಲಾಸ್‌ನಲ್ಲಿರುವ ಬಾಮೈದ ಪ್ರತಿ ಭಾನುವಾರ ಫೋನ್ ಮಾಡಿ ತನ್ನ ಹಿತ್ತಿಲು ತೋರಿಸುತ್ತಾನೆ.

ಮನೆಗೂ ವಯಸ್ಸಾಗಿದೆ. ಒಂದು ಕಡೆ ಕುಸಿದು ಬಚ್ಚಲ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಮಗಳು ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಗೋಲಿ ಬಿಟ್ಟರೆ ಉರುಳಿಕೊಂಡು ಬಂದು ಟಿವಿ ಸ್ಟ್ಯಾಂಡಿನ ಕೆಳಗೆ ನಿಲ್ಲುತ್ತಿತ್ತು. ಅದೇ ಅವಳ ಆಟ. ಆದರೂ ಮಳೆ ಬಂದರೆ ಮೇಲಿನ ಶೀಟಿನ ಸದ್ದು ಕೇಳಿಸಿಕೊಂಡು ಮಲಗೋ ಸುಖ ಅಪಾರ್ಟ್‌ಮೆಂಟಲ್ಲಿ ಎಲ್ಲಿ ಸಿಗುತ್ತದೆ?

ನೀವಾದರೆ ಏನು ಮಾಡುತ್ತಿದ್ದಿರಿ?

ಬಸವನಗುಡಿ_ಬಾಯ್

ಸಾರ್, ಪಾರ್ಕಿನಲ್ಲಿ ಮನೆ ಅಂದರೆ? ಲಾಲ್‌ಬಾಗ್ ಒಳಗೆ ಟೆಂಟ್ ಹಾಕಿಕೊಂಡ ಹಾಗಾ?

ಬಸವನಗುಡಿ_ಬಾಯ್

ಮತ್ತೆ ಹೆಸರೇ ಮೊಬೈಲ್ ಹೋಂ ಅಲ್ವಾ. ಬಾಡಿಗೆ ಜಾಸ್ತಿ ಆದರೆ ಮನೆಯನ್ನೇ ಎಳೆದುಕೊಂಡು ಬೇರೆ ಪಾರ್ಕಿಗೆ ಹೋಗಬಹುದಲ್ಲ. ಸಮಸ್ಯೆ ಏನು?

ಫ್ರೀಮಾಂಟ್_ಫಿಲ್ಟರ್

ಎಲ್ಲರೂ ಮೊದಲು ಕೇಳೋದು ಇದನ್ನೇ. ಮೊಬೈಲ್ ಅನ್ನೋದು ಹೆಸರಿಗೆ ಮಾತ್ರ. ಫ್ಯಾಕ್ಟರಿಯಲ್ಲಿ ಕಟ್ಟಿ ಲಾರಿ ಹಿಂದೆ ಎಳೆದು ತರುತ್ತಾರೆ. ಡಬಲ್ ವೈಡ್ ಅಂದರೆ ಎರಡು ಹೋಳು, ಇಲ್ಲಿಗೆ ತಂದು ಜೋಡಿಸೋದು. ಆಮೇಲೆ ಚಕ್ರ ಬಿಚ್ಚಿ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗಿನ ಸಂದು ಮುಚ್ಚೋಕೆ ಸುತ್ತ ಸ್ಕರ್ಟಿಂಗ್ ಹೊಡೆದು, ಮುಂದೆ ಕಾರ್‌ಪೋರ್ಟ್, ಪಕ್ಕದಲ್ಲಿ ವರಾಂಡ. ಅಲ್ಲಿಗೆ ಮುಗಿಯಿತು, ಅದು ಕದಲೋದಿಲ್ಲ.

ಕದಲಿಸಲೇಬೇಕು ಅಂದರೆ ಮತ್ತೆ ಎರಡು ಹೋಳು ಮಾಡಬೇಕು. ಪರ್ಮಿಟ್, ಎರಡು ಲಾರಿ, ಹೊಸ ಜಾಗದಲ್ಲಿ ಮತ್ತೆ ಕೂರಿಸೋದು, ಹತ್ತು ಹದಿನೈದು ಸಾವಿರ ಡಾಲರ್ ಸಲೀಸಾಗಿ ಹೋಗುತ್ತದೆ. ಅಷ್ಟು ಮಾಡಿದರೂ 1979ರ ಮನೆಯನ್ನು ಯಾವ ಪಾರ್ಕೂ ಒಳಗೆ ಬಿಟ್ಟುಕೊಳ್ಳಲ್ಲ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಖಾಲಿ ಸ್ಪೇಸ್ ಸಿಗೋದೂ ಅಷ್ಟರಲ್ಲೇ ಇದೆ. ಇದು ಪಾರ್ಕಿನವರಿಗೂ ಗೊತ್ತು. ಅದಕ್ಕೇ ಬಾಡಿಗೆ ಏರಿಸೋಕೆ ಅವರಿಗೆ ಭಯ ಇಲ್ಲ.

ಕುಡ್ಲದವ

ಮನೆ ನಿಮ್ಮದು, ನೆಲ ಇನ್ನೊಬ್ಬರದ್ದು. ಇದು ನಮ್ಮ ಊರಿನ ಮೂಲಗೇಣಿ ಅಲ್ಲವಾ ಮಾರಾಯ್ರೆ! ನಮ್ಮ ದೊಡ್ಡಪ್ಪನ ಮನೆ ಇವತ್ತಿಗೂ ಮೂಲಗೇಣಿ ಜಾಗದಲ್ಲಿ ಉಂಟು. ಆದರೆ ಅಲ್ಲಿ ಗೇಣಿ ಒಮ್ಮೆ ಬರೆದದ್ದು ಬರೆದದ್ದೇ. ಧಣಿಗೆ ಏರಿಸಲಿಕ್ಕೆ ಇಲ್ಲ, ಒಕ್ಕಲನ್ನು ಎಬ್ಬಿಸಲಿಕ್ಕೂ ಇಲ್ಲ. ವರ್ಷದ ಗೇಣಿ ಈಗ ಒಂದು ಚಾಕ್ಕೂ ಸಾಲದು. ದೊಡ್ಡಪ್ಪ ಅದನ್ನು ಮನಿಯಾರ್ಡರ್ ಮಾಡುತ್ತಿದ್ದರು, ಗೇಣಿಗಿಂತ ಕಮಿಷನ್ ಜಾಸ್ತಿ.

ಜಾಗ ಮೂಲಗೇಣಿದಾರರಿಗೇ ಸಿಗಲಿ ಅಂತ 2011ರಲ್ಲಿ ಕಾಯ್ದೆಯೂ ಬಂತು. ಆಮೇಲೆ ಕೋರ್ಟು, ಕಚೇರಿ. ಅದು ಬೇರೆ ಕತೆ.

ಫ್ರೀಮಾಂಟ್_ಫಿಲ್ಟರ್

ಒಳ್ಳೇ ಹೋಲಿಕೆ. ಮೂಲಗೇಣಿಯಲ್ಲಿ ಕೈಕಟ್ಟಿ ಕೂರೋದು ಧಣಿ, ಇಲ್ಲಿ ಒಕ್ಕಲು.

ಹಳೇ_ಮೈಸೂರು

ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 10 ಪರ್ಸೆಂಟ್ ಮೇಲೆ ಬಾಡಿಗೆ ಏರಿಸೋ ಹಾಗಿಲ್ಲ, 2019ರ ಕಾಯ್ದೆ. ನಿಮ್ಮದು 8. ಹಾಗಾಗಿ ಕಾನೂನು ಪ್ರಕಾರ ಸರಿಯಾಗಿದೆ. ಕಟ್ಟಬೇಕು ಅಷ್ಟೇ.

ಸ್ಯಾನ್‌ಹೋಸೆ_ಅಜ್ಜಿ

ಹಳೇ ಮೈಸೂರಿನವರೇ, ತಪ್ಪು. ಆ ಕಾಯ್ದೆ ಅಪಾರ್ಟ್‌ಮೆಂಟ್, ಮನೆ ಬಾಡಿಗೆಗೆ ಇರುವವರಿಗೆ. ಸ್ವಂತ ಮೊಬೈಲ್ ಹೋಂ ಇಟ್ಟುಕೊಂಡು ನೆಲಕ್ಕೆ ಬಾಡಿಗೆ ಕಟ್ಟೋರಿಗೆ ಅದು ಬರೋದಿಲ್ಲ. ನಮಗೆ ಬೇರೆ ಕಾನೂನು, ಮೊಬೈಲ್‌ಹೋಂ ರೆಸಿಡೆನ್ಸಿ ಲಾ. ಸಿವಿಲ್ ಕೋಡಿನಲ್ಲಿ 798ರಿಂದ ಶುರು. ಬಾಡಿಗೆ ಏರಿಸುವ 90 ದಿನ ಮೊದಲು ಬರೆದು ಕೊಡಬೇಕು ಅಂತ ಅದರಲ್ಲಿದೆ. ಎಷ್ಟು ಏರಿಸಬಹುದು ಅನ್ನೋದು ಮಾತ್ರ ಇಲ್ಲ. ಅದು ಊರೂರಿಗೆ ಬೇರೆ.

ನಾನು ಸ್ಯಾನ್ ಹೋಸೆಯಲ್ಲಿ 55 ದಾಟಿದವರ ಪಾರ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಮ್ಮವರು ಹೋದ ಮೇಲೆ ಒಬ್ಬಳೇ. ಇಲ್ಲಿ ನಗರದ ಕಾಯ್ದೆ ಇದೆ. ಬೆಲೆಯೇರಿಕೆ ದರದ ಮುಕ್ಕಾಲು ಭಾಗ ಮಾತ್ರ ಬಾಡಿಗೆ ಏರಿಸಬಹುದು. ತೀರಾ ಕಡಿಮೆ ಅಂದರೂ 3 ಪರ್ಸೆಂಟ್, ಎಷ್ಟೇ ಆದರೂ 7 ಮೀರೋ ಹಾಗಿಲ್ಲ. ಮೌಂಟನ್ ವ್ಯೂನಲ್ಲೂ 2021ರಲ್ಲಿ ಕಾಯ್ದೆ ಮಾಡಿದರು. ನಡುವೆ ಸಿಕ್ಕಿಕೊಂಡಿರೋ ನಿಮ್ಮ ಸನ್ನಿವೇಲ್‌ನಲ್ಲಿ ಕಾಯ್ದೆ ಬದಲು ಪಾರ್ಕ್ ಮಾಲೀಕರ ಜೊತೆ ಒಂದು ಒಪ್ಪಂದ ಪತ್ರ. ನಿಮ್ಮ ಪಾರ್ಕಿನವರು ಅದಕ್ಕೆ ಸಹಿ ಹಾಕಿದ್ದಾರಾ, ನಿಮ್ಮ ಲೀಸ್ ಅದರೊಳಗೆ ಬರುತ್ತದಾ, ಅದನ್ನು ಮೊದಲು ಸಿಟಿ ಹಾಲ್‌ಗೆ ಹೋಗಿ ಕೇಳಿಕೊಂಡು ಬಾ ಮಗನೇ.

ಹಳೇ_ಮೈಸೂರು

ಸರಿ ಅಮ್ಮ, ತಿದ್ದಿಕೊಂಡೆ. ಆದರೆ ಉದ್ದನೆಯ ಲೀಸ್‌ಗೆ ಸಹಿ ಹಾಕಿದವರಿಗೆ ನಗರದ ಕಾಯ್ದೆಯೂ ಅನ್ವಯಿಸಲ್ಲ ಅಂತ ಕೇಳಿದ್ದೆ.

ಸ್ಯಾನ್‌ಹೋಸೆ_ಅಜ್ಜಿ

ಮೊದಲು ಹಾಗಿತ್ತು. 12 ತಿಂಗಳು ಮೀರಿದ ಲೀಸ್ ಅಂದರೆ ಬಾಡಿಗೆ ನಿಯಂತ್ರಣದಿಂದ ಹೊರಗೆ. ಎಷ್ಟು ಜನ ಓದದೆ ಸಹಿ ಹಾಕಿ ಕೆಟ್ಟರೋ. 2020ರಲ್ಲಿ ತಿದ್ದುಪಡಿ ಬಂತು, 2025ರ ಜನವರಿಯಿಂದ ಆ ವಿನಾಯಿತಿ ಪೂರ್ತಿ ಹೋಯಿತು.

ಡಲ್ಲಾಸ್_ದೇಸಾಯಿ

ಇಷ್ಟೆಲ್ಲ ಯಾಕ್ರೀ ತಲಿ ಕೆಡಿಸ್ಕೋತೀರಿ? ಬಾಮೈದ ಕರೀಲಿಕ್ಕತ್ತಾನಲ್ಲ, ಬಂದುಬಿಡ್ರಿ. ನಿಮ್ಮ ಕಡೆ ಒಂದು ಕಾಂಡೋ, ಅಂದ್ರ ಸ್ವಂತ ಫ್ಲ್ಯಾಟ್, ತಗೊಳ್ಳೋ ರೊಕ್ಕದಾಗ ಇಲ್ಲಿ ನಾಲ್ಕು ಬೆಡ್‌ರೂಮ್ ಮನಿ, ಹಿಂದ ಹಿತ್ತಲ, ನುಗ್ಗಿ ಗಿಡ. ರಾಜ್ಯದ ಇನ್‌ಕಂ ಟ್ಯಾಕ್ಸೂ ಇಲ್ಲ.

ಮಲ್ನಾಡ್_ಹುಡ್ಗಿ

ದೇಸಾಯಿ ಅವರೇ, ಪ್ರಾಪರ್ಟಿ ಟ್ಯಾಕ್ಸ್ ಹೇಳಲಿಲ್ಲ? ಆಲಿಕಲ್ಲು ಮಳೆ ಬಂದಾಗ ಹೆಂಚು ಎಷ್ಟು ಸಲ ಬದಲಾಯಿಸಿದಿರಿ ಅದನ್ನೂ ಹೇಳಿ 😀

ಡಲ್ಲಾಸ್_ದೇಸಾಯಿ

ಎರಡು ಸಲ. ಇನ್ಶೂರೆನ್ಸ್‌ನವರು ಕೊಟ್ಟಾರ. ಪ್ರೀಮಿಯಂ ಏರಿಸ್ಯಾರ ಅದೂ ಖರೆ. ಟ್ಯಾಕ್ಸ್ ಎರಡು ಪರ್ಸೆಂಟ್ ಹತ್ತಿರ ಬರ್ತದ, ಒಪ್ಪಿದೆ. ನುಗ್ಗಿ ಗಿಡಾನೂ ಚಳಿಗಾಲಕ್ಕ ಒಂದ್ಸಲ ಸತ್ತು ಮತ್ತ ಚಿಗುರ್ತದ. ಆದ್ರೂ ನೆಲ ನಂದು.

ಲೆಕ್ಕದ_ಮೇಷ್ಟ್ರು

ಎಲ್ಲರೂ ಬಾಡಿಗೆ 145 ಡಾಲರ್ ಏರಿತು ಅಂತ ಮಾತಾಡುತ್ತಿದ್ದೀರಿ. ನಿಜವಾದ ಪೆಟ್ಟು ಅದಲ್ಲ.

ನಾಳೆ ಈ ಮನೆ ಕೊಳ್ಳಲು ಒಬ್ಬ ಬರುತ್ತಾನೆ ಅಂದುಕೊಳ್ಳಿ. ಅವನು ನೋಡೋದು ತಿಂಗಳಿಗೆ ಒಟ್ಟು ಎಷ್ಟು ಕೈಬಿಡುತ್ತದೆ ಅಂತ. ಮೊಬೈಲ್ ಹೋಂ ಸಾಲ ಮಾಮೂಲಿ ಮನೆ ಸಾಲದಂತಲ್ಲ, ಬಡ್ಡಿ ಜಾಸ್ತಿ. 9 ಪರ್ಸೆಂಟ್, 20 ವರ್ಷ ಅಂತ ಇಟ್ಟುಕೊಳ್ಳೋಣ. ಸ್ಪೇಸ್ ರೆಂಟಿಗೆ 100 ಡಾಲರ್ ಜಾಸ್ತಿ ಹೋದರೆ ಕಂತಿಗೆ 100 ಡಾಲರ್ ಕಡಿಮೆ ಉಳಿಯುತ್ತದೆ. ಆ 100 ಡಾಲರ್ ಕಂತಿಗೆ ಸಿಗುವ ಸಾಲ ಸುಮಾರು 11,100 ಡಾಲರ್. ಅಂದರೆ ಬಾಡಿಗೆ ನೂರು ಏರಿದ ಹಾಗೆಲ್ಲ ನಿಮ್ಮ ಮನೆ ಬೆಲೆಯಲ್ಲಿ ಹನ್ನೊಂದು ಸಾವಿರ ಕರಗುತ್ತದೆ. ಬಾಗಿಲಿಗೆ ಅಂಟಿಸಿದ ಆ ಒಂದು ಕಾಗದ ನಿಮ್ಮ ಜೇಬಿನಿಂದ 16 ಸಾವಿರ ತೆಗೆದುಕೊಂಡು ಹೋಯಿತು. ಹೋದ ದುಡ್ಡು ಪಾರ್ಕಿನ ಬೆಲೆಗೆ ಸೇರಿತು.

ಈಗ ಹೇಳಿ, ಪಕ್ಕದಲ್ಲಿ ಯಾರಾದರೂ ಮಾರಿದ್ದಾರಾ? ಎಷ್ಟಕ್ಕೆ?

ತಿಪಟೂರು_ಕೊಬ್ಬರಿ

ಮೇಷ್ಟ್ರೇ, ಎದೆ ಧಸಕ್ಕೆಂದಿತು.

ಮೂರು ಮನೆ ಆಚೆ ನಮ್ಮದೇ ಥರದ ಮನೆ ಮಾರಿದರು. 2 ಲಕ್ಷ 95 ಸಾವಿರ ಕೇಳಿದ್ದರು. ಕೊಳ್ಳೋರು ಬಂದು ಆಫೀಸಲ್ಲಿ ಕೇಳಿದರೆ, ಹೊಸಬರಿಗೆ ಸ್ಪೇಸ್ ರೆಂಟ್ 2,300 ಅಂದರಂತೆ. ಬಂದವರೆಲ್ಲ ವಾಪಸ್. ಐದು ತಿಂಗಳು ಬೋರ್ಡ್ ನೇತಾಡಿತು. ಕೊನೆಗೆ 2 ಲಕ್ಷ 45 ಸಾವಿರಕ್ಕೆ ಹೋಯಿತು. ಮಾರೋಕೆ ಮುಂಚೆ ಆಫೀಸಿನವರು ಕಾರ್‌ಪೋರ್ಟ್, ಮೆಟ್ಟಿಲು ರಿಪೇರಿ ಮಾಡಿಸಿ ಅಂತ ಪಟ್ಟಿ ಬೇರೆ ಕೊಟ್ಟಿದ್ದರು.

ಲೆಕ್ಕದ_ಮೇಷ್ಟ್ರು

ಹಾಗಾದರೆ ಅದೇ ಬೆಲೆ ಹಿಡಿಯೋಣ. 2,45,000ದಲ್ಲಿ ಸಾಲ 84 ಸಾವಿರ, ಏಜೆಂಟ್ ಕಮಿಷನ್ 15, ರಿಪೇರಿ 8 ಕಳೆದರೆ ಕೈಗೆ 1 ಲಕ್ಷ 38 ಸಾವಿರ.

ಆ ಕಡೆ ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟ್ 3,600 ಅಂದುಕೊಳ್ಳಿ. ನಿಮ್ಮ ಈಗಿನ 3,508ಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಆದರೆ 1,438ರ ಕಂತಿನಲ್ಲಿ ಈಗ ಬಡ್ಡಿ 490 ಮಾತ್ರ. ಉಳಿದದ್ದು ಅಸಲು, ಅದು ನಿಮ್ಮದೇ. ನಿಜವಾದ ಖರ್ಚು 2,560. ಹೊರಗೆ ಹೋದರೆ ತಿಂಗಳಿಗೆ 1,040 ಜಾಸ್ತಿ, ವರ್ಷಕ್ಕೆ 12,480.

ಅಂದರೆ ಮನೆ ಬೆಲೆ ವರ್ಷಕ್ಕೆ 12,480ಕ್ಕಿಂತ ಜಾಸ್ತಿ ಕರಗಿದರೆ ಹೊರಡಿ, ಇಲ್ಲದಿದ್ದರೆ ಇರಿ. ತಿಂಗಳ ಬಾಡಿಗೆ 112 ಏರಿದರೆ ಅಷ್ಟು ಕರಗುತ್ತದೆ. 1,960ರ ಮೇಲೆ ಅದು 5.7 ಪರ್ಸೆಂಟ್. ನಿಮ್ಮ ಪಾರ್ಕಿನವರು ಮುಂದೆ 4 ಪರ್ಸೆಂಟ್ ಏರಿಸುತ್ತಾರಾ, 8 ಏರಿಸುತ್ತಾರಾ? ಪ್ರಶ್ನೆ ಇಷ್ಟೇ.

ದಾವಣಗೆರೆ_ಬೆಣ್ಣೆ

ಮೇಷ್ಟ್ರು ಒಂದು ಮರೆತರು. ಮಾರಿದರೆ ಕೈಗೆ ಬರುವ 1,38,000 ಸುಮ್ನೆ ಕೂರಲ್ಲ. 4 ಪರ್ಸೆಂಟಿಗೆ ಇಟ್ಟರೂ ವರ್ಷಕ್ಕೆ 5,520. ಅದನ್ನು ಕಳೆಯಿರಿ, 6,960 ಉಳಿಯಿತು. ಆಗ ನಿಮ್ಮ 5.7 ಅನ್ನೋದು 3.2ಕ್ಕೆ ಇಳಿಯುತ್ತದೆ. ಬಾಡಿಗೆ 3.2 ಪರ್ಸೆಂಟ್ ಮೀರಿ ಏರಿದರೆ ಮಾರಬೇಕು. ಯಾವ ಪಾರ್ಕ್ ಅಷ್ಟಕ್ಕೆ ನಿಲ್ಲಿಸುತ್ತದೆ?

ಲೆಕ್ಕದ_ಮೇಷ್ಟ್ರು

ಒಪ್ಪಿದೆ, ಬಿಟ್ಟುಹೋಗಿತ್ತು. ಆದರೆ ಅಪಾರ್ಟ್‌ಮೆಂಟ್ ಬಾಡಿಗೆ ಮಾತ್ರ ನಿಂತಲ್ಲೇ ನಿಲ್ಲುತ್ತದಾ? ಅದೂ 4 ಪರ್ಸೆಂಟ್ ಏರಿದರೆ ತಿಂಗಳಿಗೆ 144. ಅದನ್ನು ಯಾವ ಕಡೆ ಹಾಕುತ್ತೀರಿ?

ದಾವಣಗೆರೆ_ಬೆಣ್ಣೆ

ಅಪಾರ್ಟ್‌ಮೆಂಟ್ ಏರಿದರೆ ಬಿಟ್ಟು ಪಕ್ಕದ ಬಿಲ್ಡಿಂಗಿಗೆ ಹೋಗಬಹುದು ಸ್ವಾಮಿ. ಲಾರಿಗೆ ಸಾಮಾನು ತುಂಬಿದರೆ ಮುಗಿಯಿತು.

ಮಲ್ನಾಡ್_ಹುಡ್ಗಿ

ನೀವಿಬ್ಬರೂ ಹುಡುಗಿಯ ಹತ್ತನೇ ಕ್ಲಾಸನ್ನು ಯಾವ ಕಡೆ ಹಾಕಿದಿರಿ?

ಟ್ರೇಸಿ_ಟೀ_ಅಂಗಡಿ

ಟ್ರೇಸಿ ಅಂದಿರಲ್ಲ, ಅಲ್ಲೇ ಇರುವವನು ಹೇಳುತ್ತೇನೆ ಕೇಳಿ. ಬೆಳಗ್ಗೆ ಐದಕ್ಕೆ ಏಳಬೇಕು. ಆಲ್ಟಮಾಂಟ್ ಘಾಟಿಯಲ್ಲಿ ಗಾಳಿಯಂತ್ರ ಎಣಿಸಿಕೊಂಡು ಕೂರಬೇಕು. ಎಸಿಇ ರೈಲಿದೆ, ಸ್ಟಾಕ್‌ಟನ್‌ನಿಂದ ಸ್ಯಾನ್ ಹೋಸೆಗೆ. ಬೆಳಗ್ಗೆ ಕೆಲವೇ ಟ್ರಿಪ್ಪು. ಒಂದು ತಪ್ಪಿದರೆ ಆ ದಿನದ ಕತೆ ಮುಗಿಯಿತು. ಮಗ ಎದ್ದಿರೋದನ್ನ ನಾನು ವಾರದ ದಿನ ನೋಡಿಯೇ ಇಲ್ಲ. ವಾರಕ್ಕೆ ಎರಡು ದಿನ ಆಫೀಸಾದರೆ ಬನ್ನಿ, ಐದು ದಿನವಾದರೆ ಬೇಡ.

ಪಕ್ಕದ ಮೌಂಟನ್ ಹೌಸ್ ಈಗ ಊರಾಗಿದೆ, 2024ರ ಜುಲೈಯಿಂದ ನಗರ ಅಂತ. ನಮ್ಮವರು ತುಂಬಾ ಇದ್ದಾರೆ. ದೋಸೆ ಹಿಟ್ಟು ಸಿಗುತ್ತದೆ. ಮನೆ ಮಾತ್ರ ಈಗ ಅಗ್ಗ ಅಲ್ಲ.

ಕೆಂಗೇರಿ_ಕ್ಯಾಬ್

2016ರಲ್ಲಿ ಒಂದು ಕಾಂಡೋ ತಗೊಂಡಿದ್ದರೆ ಈಗ ಕಾಲ ಮೇಲೆ ಕಾಲು ಹಾಕಿ ಕೂರಬಹುದಿತ್ತು. ಡಬ್ಬದ ಮನೆ ತಗೊಂಡು ಈಗ ಅತ್ತರೆ ಹೇಗೆ?

ತಿಪಟೂರು_ಕೊಬ್ಬರಿ

ಅಳುತ್ತಿಲ್ಲ ಸಾರ್, ಕೇಳುತ್ತಿದ್ದೇನೆ. 2016ರಲ್ಲಿ ಹೆಂಡತಿಗೆ ಕೆಲಸ ಮಾಡೋ ಪರ್ಮಿಟ್ ಇರಲಿಲ್ಲ. ನನ್ನೊಬ್ಬನ ಸಂಬಳ. ಕಾಂಡೋಗೆ 20 ಪರ್ಸೆಂಟ್ ಮುಂಗಡ ಎಲ್ಲಿಂದ ತರಲಿ? ಈ ಡಬ್ಬದ ಮನೆಯಿಂದ ಒಂಬತ್ತು ವರ್ಷ ಮಗಳು ಒಳ್ಳೇ ಸ್ಕೂಲಿಗೆ ಹೋದಳು, ನಡೆದುಕೊಂಡು. ಅಪ್ಪ ಅಮ್ಮ ಬಂದಾಗ ನಾಲ್ಕು ಹೆಜ್ಜೆ ಓಡಾಡೋಕೆ ರಸ್ತೆ ಇತ್ತು. ಅಮ್ಮ ಪಕ್ಕದ ಮನೆ ಮೆಕ್ಸಿಕನ್ ಅಜ್ಜಿ ಜೊತೆ ಭಾಷೆಯೇ ಇಲ್ಲದೆ ಆರು ತಿಂಗಳು ಹರಟಿದರು. ತೆಂಗಿನಕಾಯಿ ಹೋಳಿಗೆ ಆ ಕಡೆ, ತಮಾಲೆ ಈ ಕಡೆ.

ಈಗ ಕಾಂಡೋ ಲೆಕ್ಕವೂ ಹಾಕಿದ್ದೇನೆ. ಎಂಟೂವರೆ ಲಕ್ಷದ್ದು ನೋಡಿದೆವು. 20 ಪರ್ಸೆಂಟ್ ಕೊಟ್ಟು ಉಳಿದದ್ದಕ್ಕೆ 6.75ರ ಬಡ್ಡಿ ಅಂದರೆ ಕಂತೇ 4,410. ಟ್ಯಾಕ್ಸು, ಅಸೋಸಿಯೇಷನ್ ಫೀಸು ಸೇರಿ 5,800 ದಾಟುತ್ತದೆ. ಆಗಲ್ಲ.

ಕೆಂಗೇರಿ_ಕ್ಯಾಬ್

ಸರಿ ಬಿಡಿ, ಮಾತು ಜೋರಾಯಿತು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಲ್ಲೂ ಮೇಂಟೆನೆನ್ಸ್ ಚದರಡಿಗೆ 3 ಇದ್ದದ್ದು 5 ಆಗಿದೆ. ಟ್ಯಾಂಕರ್ ನೀರು ಬೇರೆ. ಸ್ವಂತ ಮನೆಯಲ್ಲೇ ಬಾಡಿಗೆ ಕಟ್ಟಿದ ಹಾಗೆ.

ಫ್ರೀಮಾಂಟ್_ಫಿಲ್ಟರ್

ಯಾರೂ ಹೇಳದ ದಾರಿ ಒಂದಿದೆ. ನಿವಾಸಿಗಳೇ ಸೇರಿ ಪಾರ್ಕ್ ಕೊಂಡುಕೊಳ್ಳೋದು. ನ್ಯೂ ಹ್ಯಾಂಪ್‌ಶೈರ್‌ನ ಮೆರೆಡಿತ್ ಅನ್ನೋ ಊರಲ್ಲಿ 1984ರಲ್ಲೇ ಹೀಗೆ ಮಾಡಿದರು. ಈಗ ದೇಶದಲ್ಲಿ ಇಂಥವು ಮುನ್ನೂರಕ್ಕೂ ಹೆಚ್ಚು ಇವೆ. ಸಹಕಾರ ಸಂಘದ ಥರ, ಬಾಡಿಗೆ ಎಷ್ಟು ಅಂತ ನಿವಾಸಿಗಳೇ ಓಟು ಹಾಕಿ ತೀರ್ಮಾನಿಸುತ್ತಾರೆ. ನಮ್ಮ ಪಕ್ಕದಲ್ಲೇ ಪಾಲೋ ಆಲ್ಟೋದ ಬ್ಯೂನಾ ವಿಸ್ಟಾ ಪಾರ್ಕ್ ಮುಚ್ಚಿಹೋಗೋದರಲ್ಲಿತ್ತು. ಸುಮಾರು 400 ಜನ. ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಲ್ಲಿ ಕೌಂಟಿಯ ವಸತಿ ಪ್ರಾಧಿಕಾರ 40 ಮಿಲಿಯನ್ ಡಾಲರಿಗೆ ತಗೊಂಡಿತು. ಅಲ್ಲಿ ಕೊಂಡದ್ದು ಸರ್ಕಾರಿ ಸಂಸ್ಥೆ, ನಿವಾಸಿಗಳಲ್ಲ. ಆದರೂ ಜನ ಉಳಿದುಕೊಂಡರು.

ರಾಜಾಜಿನಗರ_ರಿಟೈರ್ಡ್

ಸಹಕಾರ ಸಂಘ ಅಂದ ಕೂಡಲೇ ಮೈ ಉರಿಯಿತು. ನಾನು ಒಂದು ಹೌಸಿಂಗ್ ಸೊಸೈಟಿಗೆ 2003ರಲ್ಲಿ ದುಡ್ಡು ಕಟ್ಟಿದೆ, ಮೂವತ್ತು ನಲವತ್ತರ ಸೈಟಿಗೆ. ಲೇಔಟ್ ಪ್ಲಾನ್ ಕೊಟ್ಟರು, ಸೈಟ್ ನಂಬರ್ ಕೊಟ್ಟರು, ಪ್ರತಿ ವರ್ಷ ಮಹಾಸಭೆಯಲ್ಲಿ ಖಾರಾಬೂಂದಿ, ಜಹಾಂಗೀರು ಕೊಟ್ಟರು. ಸೈಟು ಒಂದು ಕೊಟ್ಟಿಲ್ಲ.

ಬಸವನಗುಡಿ_ಬಾಯ್

ಅಂಕಲ್, ಇಪ್ಪತ್ತೆರಡು ವರ್ಷದ ಜಹಾಂಗೀರಿಗೆ ಬಡ್ಡಿ ಹಾಕಿದರೆ ಒಂದು ಕಾರ್ನರ್ ಸೈಟ್ ಆಗುತ್ತದೆ.

ಕುಡ್ಲದವ

ನೂರಿನ್ನೂರು ಮನೆಯವರು ಒಟ್ಟಾಗಿ ಬೇ ಏರಿಯಾದಲ್ಲಿ ನೆಲ ಕೊಂಡುಕೊಳ್ಳುವುದು ಅಂದರೆ ತಮಾಷೆಯಾ? ಪಾರ್ಕಿನವರು ಮಾರುತ್ತೇವೆ ಅಂತ ಹೇಳಬೇಕಲ್ಲ ಮೊದಲು.

ಸ್ಯಾನ್‌ಹೋಸೆ_ಅಜ್ಜಿ

ಮಗನೇ ತಿಪಟೂರು, ನಿನ್ನ ಮೊದಲ ಪೋಸ್ಟ್ ಮತ್ತೆ ಓದಿದೆ. ನೀರು, ಕಸ ಮೊದಲು ಬಾಡಿಗೆಯಲ್ಲೇ ಸೇರಿತ್ತು, ಈಗ ಬೇರೆ ಬಿಲ್ಲು ಅಂದೆಯಲ್ಲ. ಯಾವಾಗಿಂದ ಬೇರೆ ಮಾಡಿದರು? ಬೇರೆ ಮಾಡಿದ ತಿಂಗಳು ನಿನ್ನ ಬಾಡಿಗೆಯಿಂದ ಅಷ್ಟು ಕಡಿಮೆ ಮಾಡಿದರಾ?

ತಿಪಟೂರು_ಕೊಬ್ಬರಿ

2021ರಲ್ಲಿ ಅಮ್ಮ. ಬಾಡಿಗೆ ಕಡಿಮೆ ಮಾಡಿದ ನೆನಪಿಲ್ಲ. ಯಾಕೆ?

ಸ್ಯಾನ್‌ಹೋಸೆ_ಅಜ್ಜಿ

ಸೆಕ್ಷನ್ 798.41 ತೆಗೆದು ಓದು. ಬಾಡಿಗೆಯಲ್ಲಿ ಸೇರಿದ್ದ ನೀರು, ಕಸದ ಖರ್ಚನ್ನು ಬೇರೆ ಬಿಲ್ ಮಾಡೋದಾದರೆ, ಮೊದಲ ಸಲ ಬಿಲ್ ಮಾಡಿದಾಗಲೇ ಅಷ್ಟನ್ನು ಬಾಡಿಗೆಯಿಂದ ಇಳಿಸಬೇಕು. ಲೀಸಿನಲ್ಲಿ ಬೇರೆ ಥರ ಬರೆದಿದ್ದರೆ ಮಾತು ಬೇರೆ, ಅದಕ್ಕೇ ಹಳೇ ಲೀಸೂ ಹುಡುಕು. ನಮ್ಮ ಪಾರ್ಕಿನಲ್ಲಿ ಹೀಗೇ ಆಗಿತ್ತು. ನಮ್ಮ ಯಜಮಾನರು ಎಜಿ ಆಫೀಸಲ್ಲಿ ಲೆಕ್ಕ ತಪಾಸಣೆ ಮಾಡಿಕೊಂಡಿದ್ದವರು. ಒಂದೊಂದು ರಸೀದಿಯೂ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ಆ ಡಬ್ಬ ಒಯ್ದು ಆಫೀಸಿನ ಮೇಜಿನ ಮೇಲೆ ಇಟ್ಟೆ.

ಕಾನೂನಿನ ಪುಸ್ತಕ ಬದಲಾದ ವರ್ಷ ಫೆಬ್ರವರಿಯೊಳಗೆ ನಿಮಗೂ ಕೊಡುತ್ತಾರಲ್ಲ. ಮೂಲೆಗೆ ಹಾಕಿ ಅದರ ಮೇಲೆ ಕುಕ್ಕರ್ ಇಡುತ್ತೀರಿ. ಓದೋದಿಲ್ಲ.

ತಿಪಟೂರು_ಕೊಬ್ಬರಿ

ಕುಕ್ಕರ್ ಅಲ್ಲ ಅಮ್ಮ, ಇಡ್ಲಿ ಪಾತ್ರೆ. ಹೇಗೆ ಗೊತ್ತಾಯಿತು?

ಫೈಲ್ ತೆಗೆದೆ. 2021ರ ಮೇ ತಿಂಗಳ ಕಾಗದ ಸಿಕ್ಕಿತು. ನೀರು, ಚರಂಡಿ, ಕಸ ಜುಲೈಯಿಂದ ಪ್ರತ್ಯೇಕ ಅಂತಿದೆ. ಬಾಡಿಗೆ ಇಳಿಸಿದ್ದು ಎಲ್ಲೂ ಇಲ್ಲ. ಇಳಿಸೋದು ಹಾಗಿರಲಿ, ಅದೇ ಜುಲೈಯಿಂದ 60 ಡಾಲರ್ ಏರಿಸಿದ್ದಾರೆ. ಲೀಸ್ ನಕಲು ಮಾತ್ರ ಸಿಕ್ಕಿಲ್ಲ.

ಲೆಕ್ಕದ_ಮೇಷ್ಟ್ರು

ನಿಲ್ಲಿ ನಿಲ್ಲಿ. ಆಗ 80 ಡಾಲರ್ ಇಳಿಸಬೇಕಿತ್ತು ಅಂದುಕೊಂಡರೂ ನಾಲ್ಕು ವರ್ಷಕ್ಕೆ 3,840. ಅದರ ಮೇಲೆ ಪ್ರತಿ ವರ್ಷ ಪರ್ಸೆಂಟ್ ಹಾಕಿ ಏರಿಸಿದ್ದು ಬೇರೆ. ಮನೆ ಬೆಲೆ ಲೆಕ್ಕದಲ್ಲಿ 80 ಅಂದರೆ 8,900. ಇದು ನಿಮ್ಮೊಬ್ಬರ ಮನೆಯದ್ದಲ್ಲ, ಪಾರ್ಕಿನಲ್ಲಿ ಎಷ್ಟು ಮನೆ ಇದೆ?

ತಿಪಟೂರು_ಕೊಬ್ಬರಿ

ನೂರ ಅರವತ್ತು ಚಿಲ್ಲರೆ.

ಡಲ್ಲಾಸ್_ದೇಸಾಯಿ

ಅಬಬಬ.

ದಾವಣಗೆರೆ_ಬೆಣ್ಣೆ

ವಕೀಲರಿಗೆ ತೋರಿಸಿ ಮೊದಲು. ಅಜ್ಜಿ ಹೇಳಿದ ಹಾಗೆ ಲೀಸಿನಲ್ಲಿ ಏನಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನೀವಾಗಿ ಬಾಡಿಗೆ ಕಡಿಮೆ ಕಟ್ಟೋ ಸಾಹಸ ಮಾತ್ರ ಮಾಡಬೇಡಿ. ಬಾಡಿಗೆ ಕಟ್ಟಿಲ್ಲ ಅಂತ ಎಬ್ಬಿಸೋಕೆ ಅವರಿಗೆ ನೀವೇ ಕಾರಣ ಕೊಟ್ಟ ಹಾಗಾಗುತ್ತದೆ.

ಸ್ಯಾನ್‌ಹೋಸೆ_ಅಜ್ಜಿ

ಬೆಣ್ಣೆ ಹೇಳಿದ್ದು ಸರಿ. ಪೂರ್ತಿ ಕಟ್ಟು, ಜೊತೆಗೆ ಕಾಗದ ಬರಿ. ರಾಜ್ಯದ ವಸತಿ ಇಲಾಖೆಗೂ ದೂರು ಕೊಡಬಹುದು, ಅದಕ್ಕೇ ಅಂತ ಸ್ಪೇಸ್ ಲೆಕ್ಕದಲ್ಲಿ ಶುಲ್ಕ ಹಾಕಿದ್ದಾರೆ. ನೆರೆಯವರನ್ನೂ ಸೇರಿಸು. ಕ್ಲಬ್‌ಹೌಸಲ್ಲಿ ಸಭೆ ಮಾಡೋಕೆ ನಿಮಗೆ ಹಕ್ಕಿದೆ, ಯಾರೂ ಬೇಡ ಅನ್ನೋ ಹಾಗಿಲ್ಲ. ಸಭೆಗೆ ತಿಂಡಿ ಇಡು. ತಿಂಡಿ ಇಲ್ಲದಿದ್ದರೆ ಯಾರೂ ಬರಲ್ಲ.

ಮಲ್ನಾಡ್_ಹುಡ್ಗಿ

ಮುಖ್ಯ ವಿಷಯ ಕೇಳೋದೇ ಮರೆತೆ. ಮನೆ ಬಿಟ್ಟರೆ ಕರಿಬೇವಿನ ಗಿಡ ಏನು ಮಾಡುತ್ತೀರಿ? ಇಲ್ಲಿ ಇರೋರೆಲ್ಲರ ಮನೆಯಲ್ಲೂ ಒಂದು ಇರುತ್ತದೆ ಅಂತ ನನಗೆ ಗೊತ್ತು.

ತಿಪಟೂರು_ಕೊಬ್ಬರಿ

ಇದೆ, ಎರಡು ಕುಂಡದಲ್ಲಿ. ಟ್ರೇಸಿಗೆ ಹೋದರೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸುತ್ತೇನೆ ಅಂತ ಹೆಂಡತಿ ಈಗಲೇ ಹೇಳಿದ್ದಾಳೆ.

ಟ್ರೇಸಿ_ಟೀ_ಅಂಗಡಿ

ಕೇಳಿಕೊಂಡು ತನ್ನಿ. ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡುವ ಒಂದು ಸಣ್ಣ ಹುಳ ಇದೆ, ಅದು ಕರಿಬೇವಿನಲ್ಲೂ ಕೂರುತ್ತದೆ. ಕ್ವಾರಂಟೈನ್ ಹಾಕಿದ ಜಾಗದಿಂದ ಗಿಡ ಹೊರಗೆ ಒಯ್ಯೋ ಹಾಗಿಲ್ಲ.

ಬಸವನಗುಡಿ_ಬಾಯ್

ಚಕ್ರ ಇರೋ ಮನೆ ಕದಲಿಸೋ ಹಾಗಿಲ್ಲ, ಕುಂಡದಲ್ಲಿರೋ ಗಿಡ ಕದಲಿಸೋ ಹಾಗಿಲ್ಲ. ಅದೆಂಥ ಊರು ಸಾರ್ ಅದು?

ತಿಪಟೂರು_ಕೊಬ್ಬರಿ

ಆರು ವಾರ ಆಯಿತು. ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿದ್ದರು, ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ.

ಸಭೆ ಮಾಡಿದೆವು. ಉಪ್ಪಿಟ್ಟು, ಕಾಫಿ. ಪಕ್ಕದ ಮನೆ ಅಜ್ಜಿಯ ಮೊಮ್ಮಗ ಸ್ಪ್ಯಾನಿಷ್‌ಗೆ ಅನುವಾದ ಮಾಡಿದ. ನಲವತ್ತು ಮನೆಯವರು ಬಂದರು. ಹನ್ನೊಂದು ಜನರ ಹತ್ತಿರ 2021ರ ಅದೇ ಕಾಗದ ಇತ್ತು. ಲೀಸ್ ನಕಲೂ ಒಬ್ಬರ ಹತ್ತಿರ ಸಿಕ್ಕಿತು, ನಮ್ಮದೇ ವರ್ಷದ್ದು. ಅದರಲ್ಲಿ ನೀರು, ಕಸ ಬಾಡಿಗೆಯಲ್ಲಿ ಸೇರಿದೆ ಅಂತಲೇ ಬರೆದಿದೆ. ವಕೀಲರಿಗೆ ತೋರಿಸಿ ಎಲ್ಲರೂ ಸೇರಿ ಒಂದು ಕಾಗದ ಕಳಿಸಿದ್ದೇವೆ. ದಾಖಲೆ ಪರಿಶೀಲಿಸುತ್ತಿದ್ದೇವೆ ಅಂತ ಉತ್ತರ ಬಂದಿದೆ. ಆ್ಯಪಿನಲ್ಲಿ ಅಲ್ಲ, ರಿಜಿಸ್ಟರ್ ಪೋಸ್ಟಿನಲ್ಲಿ. ಸಿಟಿ ಹಾಲ್‌ಗೂ ಹೋಗಿ ಬಂದೆ, ಒಪ್ಪಂದದ ವಿಷಯ ಇನ್ನೂ ಉತ್ತರಕ್ಕೆ ಕಾಯುತ್ತಿದ್ದೇನೆ.

ಮನೆ ವಿಷಯ: ಮಗಳು ಹನ್ನೆರಡನೇ ಕ್ಲಾಸು ಮುಗಿಸೋವರೆಗೆ ಇರುತ್ತೇವೆ. ಅಷ್ಟರೊಳಗೆ ಬಾಡಿಗೆ ಮತ್ತೆ 8 ಏರಿದರೆ ಬೋರ್ಡ್ ಹಾಕುತ್ತೇವೆ ಅಂತ ಹೆಂಡತಿ ಫ್ರಿಜ್ ಮೇಲೆ ಬರೆದು ಅಂಟಿಸಿದ್ದಾಳೆ. ಬೆಣ್ಣೆಯವರ 3.2 ಮೊದಲು ಬರೆದಿದ್ದಳು, ಹೊಡೆದುಹಾಕಿ 5 ಮಾಡಿದಳು, ಆಮೇಲೆ 8. ನಾನು ಏನೂ ಹೇಳಲಿಲ್ಲ.

ಇನ್ನೊಂದು ಕೆಲಸ ಮಾಡಿಸಿದೆವು, ಇದ್ದರೂ ಮಾರಿದರೂ ಬೇಕಿತ್ತು. ಕೆಳಗೆ ಜ್ಯಾಕ್ ಹಾಕಿ ಮನೆ ಲೆವೆಲ್ ಮಾಡಿಸಿದೆವು. ಸ್ಕರ್ಟಿಂಗ್ ತೆಗೆದು ಒಳಗೆ ತೂರಿದ ಹುಡುಗ ಎರಡು ಗಂಟೆ ಆದಮೇಲೆ ಮೈಯೆಲ್ಲ ಮಣ್ಣು ಮಾಡಿಕೊಂಡು ಈಚೆ ಬಂದ. ಕೈಯಲ್ಲಿ ಮಗಳ ಹಳೇ ಷೂ ಒಂದು. ಯಾವುದೋ ರಕೂನ್ ಎಳೆದುಕೊಂಡು ಹೋಗಿತ್ತಂತೆ. ಬಚ್ಚಲ ಬಾಗಿಲು ಈಗ ನಿಲ್ಲಿಸಿದ ಕಡೆ ನಿಲ್ಲುತ್ತದೆ.

ಕುಡ್ಲದವ

ಗೋಲಿ?

ತಿಪಟೂರು_ಕೊಬ್ಬರಿ

ಮಗಳೇ ಬಿಟ್ಟು ನೋಡಿದಳು. ಊಟದ ಮೇಜಿನವರೆಗೆ ಬಂದು ನಿಂತಿತು.